ಸೇತುವೆ ಸ್ಟಾಪಿನ ರೈಟ್

ಕಂಡಕ್ಟರನಿಗೆ ಕೂರಲು ಜಾಗವಿರಲಿಲ್ಲ.

ಬಸ್ಸಿನಲ್ಲಿ ಮೂವತ್ತು ವರ್ಷ ನಿಂತೇ ಬದುಕಿದ ಆಸಾಮಿ. ಊರಿನವರನ್ನೆಲ್ಲ ‘ಒಳಗೆ ಹೋಗಿ, ಮುಂದೆ ಜಾಗ ಇದೆ’ ಎಂದು ತಳ್ಳಿ ತಳ್ಳಿ ಕೂರಿಸಿದವನು. ನಿವೃತ್ತನಾದ ದಿನ ಹೆಂಡತಿಗೆ, ‘ಇನ್ನು ಮೇಲೆ ನಾನು ಕೂರೋನು’ ಎಂದು ಹೇಳಿ, ಕೈಯಿರುವ ಮರದ ಕುರ್ಚಿಯೊಂದನ್ನು ತಂದು ಹಜಾರದ ಕಿಟಕಿಗೆ ಮುಖ ಮಾಡಿ ಹಾಕಿಕೊಂಡಿದ್ದ. ಆಮೇಲೆ ರೋಗ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ವಿಮಾ ಕಚೇರಿಯ ಗುಮಾಸ್ತನಾದ ಮಗ ಊಟದ ಮೇಜನ್ನು ಕಚೇರಿ ಮಾಡಿಕೊಂಡ. ಶಾಲೆಯಲ್ಲಿ ಗಣಿತ ಕಲಿಸುವ ಸೊಸೆ ಮಲಗುವ ಕೋಣೆಯ ಬೀರುವಿಗೆ ಕರಿಹಲಗೆ ತೂಗುಹಾಕಿದಳು. ಮೊಮ್ಮಗಳು ಫೋನಿನೊಳಗೆ ಶಾಲೆ ಓದಲು ತಾತನ ಕುರ್ಚಿಯನ್ನೇ ಹಿಡಿದಳು. ಅದಕ್ಕೆ ಕೈಗಳಿವೆ, ಪುಸ್ತಕ ಇಡಲು ಅನುಕೂಲ. ಅಡುಗೆಮನೆ ಮೊದಲಿನಿಂದಲೂ ಹೆಂಡತಿಯ ರಾಜ್ಯ.

ಹಾಗಾಗಿ ಕಂಡಕ್ಟರ್ ಮತ್ತೆ ನಿಂತ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಕಾಲು ಅಗಲಿಸಿ, ಮುಂದಿನ ತಿರುವಿನಲ್ಲಿ ಮನೆಯೇ ವಾಲಬಹುದು ಎನ್ನುವಂತೆ ನಿಲ್ಲುತ್ತಿದ್ದ.

‘ತಾತ, ನೀನು ಕ್ಯಾಮೆರಾದಲ್ಲಿ ಕಾಣ್ತಿದೀಯ.’

ಅವನು ಒಂದು ಹೆಜ್ಜೆ ಸರಿದ.

‘ಅಪ್ಪ, ಈಗ ನನ್ನದರಲ್ಲಿ ಕಾಣ್ತಿದೀರ,’ ಎಂದ ಮಗ.

ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ದೊಡ್ಡದು ಚಿಕ್ಕದು ಎಂದು ಸಾಲಾಗಿ ಜೋಡಿಸಿದ. ಹೆಂಡತಿ ಸಕ್ಕರೆ ಎಂದು ಉಪ್ಪು ಹಾಕಿದ ಚಹಾ ಎಲ್ಲರಿಗೂ ಸಿಕ್ಕಿತು. ‘ಕೆಲಸವಿಲ್ಲದ ಬಡಗಿ ಮಗುವಿನ ಕುಂಡಿ ಕೆತ್ತಿದನಂತೆ,’ ಎಂದಳು ಅವಳು. ‘ನಿಮ್ಮ ಬೆಂಚು ಯಾವಾಗ ತೆಗೀತಾರೆ ಅಂತ ಯಾರನ್ನಾದರೂ ಕೇಳಬಾರದಾ?’

ಬೆಂಚು ಎಂದರೆ ಬೀದಿಯ ಕೊನೆಯ ಉದ್ಯಾನದ ಕಲ್ಲುಬೆಂಚು. ಅಲ್ಲಿ ದಿನಾ ಬೆಳಿಗ್ಗೆ ಕಂಡಕ್ಟರನ ಜೊತೆ ಡ್ರೈವರ್ ಕೂರುತ್ತಿದ್ದ. ಒಂದೇ ಡಿಪೋ, ಒಂದೇ ಬಸ್ಸು, ಒಂದೇ ರೂಟಿನಲ್ಲಿ ಇಬ್ಬರೂ ಕೂದಲು ಬೆಳ್ಳಗೆ ಮಾಡಿಕೊಂಡವರು. ಈಗ ಇರುವುದೂ ಸಾರಿಗೆ ನೌಕರರಿಗೆಂದು ಕಟ್ಟಿದ ಒಂದೇ ಕಟ್ಟಡದಲ್ಲಿ. ಎರಡನೇ ಮಹಡಿಯಲ್ಲಿ ಕಂಡಕ್ಟರ್, ಅವನ ಕಾಲ ಕೆಳಗೆ ಸರಿಯಾಗಿ ಡ್ರೈವರ್. ಎಂಜಿನ್ ಪಕ್ಕದಲ್ಲಿ ಕೂತು ಕೂತು ಡ್ರೈವರನ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಅರ್ಧ. ಉಳಿದ ಅರ್ಧವನ್ನು ಅವನು ಎದುರಿನವರ ತುಟಿ ನೋಡಿ ತುಂಬಿಕೊಳ್ಳುತ್ತಿದ್ದ. ಈ ಸಂಗತಿ ಡಿಪೋದಲ್ಲಿ ಕಂಡಕ್ಟರನೊಬ್ಬನಿಗೇ ಗೊತ್ತಿದ್ದದ್ದು. ಕೊನೆಯ ವರ್ಷಗಳಲ್ಲಿ ಅವನು ಸೀಟಿ ಊದುವುದನ್ನೇ ಬಿಟ್ಟಿದ್ದ. ಅಂಗೈಯಿಂದ ಬಸ್ಸಿನ ಮೈಗೆ ಗುದ್ದುತ್ತಿದ್ದ. ಒಂದು ಗುದ್ದಿಗೆ ನಿಲ್ಲು, ಎರಡು ಗುದ್ದಿಗೆ ರೈಟ್. ಗುದ್ದು ತಗಡಿನಲ್ಲಿ ಹರಿದು ಸ್ಟಿಯರಿಂಗಿಗೆ ಬರುತ್ತಿತ್ತು, ಅಲ್ಲಿಂದ ಡ್ರೈವರನ ಕೈಗೆ.

ಬೆಂಚಿನ ಮೇಲೆ ಅವರದೊಂದು ಆಟವಿತ್ತು. ಕಂಡಕ್ಟರ್ ರೂಟಿನ ಸ್ಟಾಪಿನ ಹೆಸರು ಕೂಗಬೇಕು. ಅಲ್ಲಿ ಕಂಡದ್ದೊಂದನ್ನು ಡ್ರೈವರ್ ಹೇಳಬೇಕು. ಹೇಳಿ ಮುಗಿದರೆ ಕಂಡಕ್ಟರ್ ಬೆಂಚಿಗೆ ಎರಡು ಸಲ ತಟ್ಟಬೇಕು. ತಟ್ಟದೆ ಗಾಡಿ ಮುಂದೆ ಹೋಗುವಂತಿಲ್ಲ.

‘ಮಿಲ್ ಗೇಟ್.’

‘ಸಂಜೆ ಪಾಳಿ ಬಿಟ್ಟಾಗ ಹೆಂಗಸರ ತಲೆ ತುಂಬ ಹತ್ತಿ. ಎಲ್ಲ ಒಟ್ಟಿಗೆ ಮುದುಕಿಯರಾದ ಹಾಗೆ ಹತ್ತೋರು. ಮುಂದಿನ ಸ್ಟಾಪ್ ಬರೋವಷ್ಟರಲ್ಲಿ ಕೊಡವಿಕೊಂಡು ಹುಡುಗಿಯರಾಗೋರು.’

‘ಹಳೆ ಜೈಲು.’

‘ಬಿಡುಗಡೆ ಆದವನೊಬ್ಬ ಹತ್ತಿದ್ದ ನೋಡು. ಎಲ್ಲಿಗೆ ಅಂದ್ರೆ ಗೊತ್ತಿಲ್ಲ ಅಂದ. ಕೊನೇ ಸ್ಟಾಪಿಗೂ ಬಂದ, ವಾಪಸ್ಸೂ ಬಂದ. ನೀನು ಕೇಳಲೇ ಇಲ್ಲ ಟಿಕೆಟ್ಟು.’

‘ಕೇಳಿದ್ದೆ.’

‘ಸುಳ್ಳು. ಕನ್ನಡಿಯಲ್ಲಿ ನೋಡ್ತಿದ್ದೆ ನಾನು.’

‘ಸೇತುವೆ.’

ಸೇತುವೆ ಸ್ಟಾಪಿಗೆ ಬಂದರೆ ಇಬ್ಬರ ಬೆನ್ನೂ ನೆಟ್ಟಗಾಗುತ್ತಿತ್ತು. ಒಂದೇ ಗಾಡಿ ಹಿಡಿಯುವ ಹಳೆಯ ಕಬ್ಬಿಣದ ಸೇತುವೆ, ಅದಕ್ಕೆ ಮೊದಲು ತಿರುವು. ಆಚೆ ತುದಿ ಡ್ರೈವರನಿಗೆ ಕಾಣುತ್ತಿರಲಿಲ್ಲ. ಕಂಡಕ್ಟರ್ ಇಳಿದು, ಸೇತುವೆಯ ಬಾಯಿಗೆ ನಡೆದುಹೋಗಿ ನೋಡಿ ಬಂದು ರೈಟ್ ಕೊಡಬೇಕು. ಒಂದು ಸಲ ಕಂಡಕ್ಟರ್ ಜ್ವರವೆಂದು ಮನೆಯಲ್ಲಿದ್ದಾಗ ಬದಲಿಗೆ ಬಂದವನು ಸೀಟಿನಲ್ಲಿ ಕೂತೇ ರೈಟ್ ಎಂದುಬಿಟ್ಟ. ಎದುರಿನಿಂದ ಮರಳಿನ ಲಾರಿ. ಯಾರೂ ಸಾಯಲಿಲ್ಲ, ಆದರೆ ಸೇತುವೆ ನಡುವಿನಿಂದ ಹಿಂದಕ್ಕೆ ಬಂದ ಮೇಲೆ ಡ್ರೈವರ್ ಇಳಿದು ವಾಂತಿ ಮಾಡಿಕೊಂಡ. ಆವತ್ತಿನಿಂದ ಸೇತುವೆ ಸ್ಟಾಪಿನಲ್ಲಿ ಅವನು ನಂಬುತ್ತಿದ್ದದ್ದು ಒಬ್ಬನ ಅಂಗೈಯನ್ನು ಮಾತ್ರ. ಹಿಂದಿನ ಗಾಡಿಗಳು ಎಷ್ಟೇ ಹಾರ್ನ್ ಹೊಡೆಯಲಿ, ಪ್ರಯಾಣಿಕರು ಎಷ್ಟೇ ಬೈಯಲಿ, ಆ ಗುದ್ದು ಬೀಳದೆ ಅವನು ಕ್ಲಚ್ಚಿನಿಂದ ಕಾಲು ತೆಗೆಯುತ್ತಿರಲಿಲ್ಲ.

ಈಗ ಉದ್ಯಾನದ ಗೇಟಿಗೆ ಬೀಗ. ಬೆಂಚಿಗೆ ಹಳದಿ ಪಟ್ಟಿ ಸುತ್ತಿದ್ದರು, ಅದೇನೋ ಕೊಲೆ ಮಾಡಿದ ಹಾಗೆ.

ಮೊದಲು ಫೋನಿನಲ್ಲಿ ಪ್ರಯತ್ನಿಸಿದರು. ಕಿವುಡನ ಮುಂದೆ ಶಂಖ ಊದುವುದು ಸುಲಭ. ಶಂಖಕ್ಕೆ ಪಕ್ಕದ ಕೋಣೆಯಲ್ಲಿ ಸೊಸೆಯಿರುವುದಿಲ್ಲ.

‘ಗೂಡ್ಸ್ ಶೆಡ್!’ ಎಂದು ಕಂಡಕ್ಟರ್ ಕೂಗಿದ.

‘ಏನು ಲಾಡು?’

‘ಶೆಡ್ಡಯ್ಯಾ, ಶೆಡ್ಡು! ಕೋಳಿ ಬುಟ್ಟಿ ಒಡೆದು ಬಸ್ಸೆಲ್ಲ ಕೋಳಿ ಆಗಿತ್ತಲ್ಲ! ಆ ದಪ್ಪ ಹೆಂಗಸಿನ ಸೀರೆ ಒಳಗೆ ನುಗ್ಗಿತ್ತಲ್ಲ ಹುಂಜ!’

ಮಲಗುವ ಕೋಣೆಯಿಂದ ಸೊಸೆ ಹೊರಗೆ ಬಂದಳು. ಅವಳ ಹಿಂದೆ, ಫೋನಿನೊಳಗಿಂದ, ಒಂದು ತರಗತಿ ಪೂರ್ತಿ ನಗುತ್ತಿತ್ತು. ‘ಮಾವ,’ ಎಂದಳು ಅವಳು ಸಮಾಧಾನದಿಂದಲೇ, ‘ನಾನು ತ್ರಿಕೋನ ಹೇಳ್ಕೊಡ್ತಿದ್ದೆ. ಈಗ ಮಕ್ಕಳು ಹುಂಜ ಎಲ್ಲಿಗೆ ಹೋಯ್ತು ಅಂತ ಕೇಳ್ತಿದಾರೆ.’

ಫೋನು ನಿಂತಿತು. ಮೆಟ್ಟಿಲಿನಲ್ಲಿ ಭೇಟಿಯಾಗೋಣವೆಂದರೆ ಡ್ರೈವರನ ಮಗಳು ಆಸ್ಪತ್ರೆಯಲ್ಲಿ ನರ್ಸು. ರೋಗಿಗಳ ಮಧ್ಯೆ ಓಡಾಡಿ ಬರುವವಳ ಮನೆ ಎಂದು ಇಡೀ ಕಟ್ಟಡ ಆ ಬಾಗಿಲಿನ ಮುಂದೆ ಉಸಿರು ಬಿಗಿಹಿಡಿದು ಹತ್ತುತ್ತಿತ್ತು. ಆದರೂ ಒಮ್ಮೆ ಇಬ್ಬರೂ ಮೆಟ್ಟಿಲ ತಿರುವಿನಲ್ಲಿ ದೂರದೂರ ನಿಂತರು. ಮುಖಕ್ಕೆ ಮಾಸ್ಕು. ಕಂಡಕ್ಟರ್ ಏನು ಹೇಳಿದರೂ ಡ್ರೈವರನಿಗೆ ಕಾಣುತ್ತಿದ್ದದ್ದು ಉಬ್ಬಿ ತಗ್ಗುವ ನೀಲಿ ಬಟ್ಟೆ.

‘ಬಾಯಿ ತೋರಿಸಯ್ಯಾ,’ ಎಂದ ಡ್ರೈವರ್. ‘ಏನು ಕಳ್ಳನ ಹಾಗೆ.’

ಕಂಡಕ್ಟರ್ ಮಾಸ್ಕ್ ಕೆಳಗೆಳೆದದ್ದೇ ತಡ, ಮೇಲಿನ ಮಹಡಿಯಿಂದ ಕೆಮ್ಮು ಕೇಳಿತು. ಅಲ್ಲಿದ್ದವನು ನಿವೃತ್ತ ಚೆಕಿಂಗ್ ಇನ್ಸ್‌ಪೆಕ್ಟರ್. ನೌಕರಿಯಲ್ಲಿ ಮರದ ಮರೆಯಲ್ಲಿ ನಿಂತು ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು, ಈಗ ಕಟ್ಟಡದ ಕಾರ್ಯದರ್ಶಿ. ಬಾವಿ ಬದಲಾದರೂ ಕಪ್ಪೆ ಬದಲಾಗಲಿಲ್ಲ. ‘ಮಾಸ್ಕು,’ ಎಂದ ಅವನು ಮೇಲಿನಿಂದ, ಮೊದಲು ‘ಟಿಕೆಟ್’ ಎನ್ನುತ್ತಿದ್ದ ಅದೇ ದನಿಯಲ್ಲಿ. ಸಂಜೆಯೊಳಗೆ ಮಗನಿಗೆ ಸುದ್ದಿ ಮುಟ್ಟಿತು. ಮೆಟ್ಟಿಲೂ ನಿಂತಿತು.

ಉಳಿದದ್ದು ಬಚ್ಚಲುಮನೆ.

ಬಚ್ಚಲಿನ ಮೂಲೆಯಲ್ಲಿ ನೀರಿನ ಕಬ್ಬಿಣದ ಪೈಪು ಮೇಲಿನ ಮನೆಯಿಂದ ಕೆಳಗಿನ ಮನೆಗೆ ಇಳಿಯುತ್ತದೆ. ಒಂದು ಬೆಳಿಗ್ಗೆ ಕಂಡಕ್ಟರ್ ಅದರ ಮೇಲೆ ಕೈಯಿಟ್ಟುಕೊಂಡು ಹಲ್ಲುಜ್ಜುತ್ತಿದ್ದಾಗ, ಕೆಳಗೆ ಯಾರೋ ತಂಬಿಗೆಯನ್ನು ಪೈಪಿಗೆ ತಗುಲಿಸಿದ್ದು ಅಂಗೈಗೆ ಬಂತು. ಅವನು ಹಲ್ಲುಜ್ಜುವುದನ್ನು ನಿಲ್ಲಿಸಿದ. ಬಾಗಿಲ ಕೀಲಿಕೈ ತೆಗೆದುಕೊಂಡು ಪೈಪಿಗೆ ಎರಡು ಸಲ ಹೊಡೆದ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಎರಡು. ಕೆಳಗಿನಿಂದ ಎರಡು ಬಂತು, ಸ್ಪಷ್ಟವಾಗಿ, ಸಿಟ್ಟಿನ ಹಾಗೆ: ಎಷ್ಟು ಹೊತ್ತಯ್ಯಾ ನಿನ್ನದು ಎಂದು.

ಅಲ್ಲಿಂದ ರೂಟು ಮತ್ತೆ ಶುರುವಾಯಿತು. ಈಗ ಹೆಸರು ಕೂಗುವಂತಿರಲಿಲ್ಲ, ಕೂಗಬೇಕಾಗಿಯೂ ಇರಲಿಲ್ಲ. ಒಂದು ಹೊಡೆತಕ್ಕೆ ಮೊದಲ ಸ್ಟಾಪು, ಗಡಿಯಾರ ಕಂಬ. ಇಬ್ಬರೂ ತಮ್ಮ ತಮ್ಮ ಬಚ್ಚಲಿನಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಗಡಿಯಾರ ಕಂಬದಲ್ಲಿ ಇಳಿಯುವವರನ್ನು ಇಳಿಸಿ ಹತ್ತುವವರನ್ನು ಹತ್ತಿಸಿಕೊಳ್ಳುತ್ತಿದ್ದರು. ಎರಡು ಹೊಡೆತ, ರೈಟ್. ಮತ್ತೊಂದು, ಹೆರಿಗೆ ಆಸ್ಪತ್ರೆ. ಅಲ್ಲಿ ಹೊಸ ಅಪ್ಪಂದಿರು ಫ್ಲಾಸ್ಕು ಹಿಡಿದು ಹತ್ತುತ್ತಿದ್ದರು. ಮುಖ ನೋಡಿದರೆ ಗಂಡೋ ಹೆಣ್ಣೋ ಗೊತ್ತಾಗುತ್ತದೆ ಎಂದು ಕಂಡಕ್ಟರನ ಹಳೆಯ ವಾದ, ಅದೆಲ್ಲ ಬೊಗಳೆ ಎಂದು ಡ್ರೈವರನದು. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಗಿತ್ತು, ಬಚ್ಚಲಿನಲ್ಲಿ ಪಾಳಿ ಬಿಡುತ್ತಿತ್ತು. ಮೂವತ್ತೊಂದು ಸ್ಟಾಪು. ಮನೆಯಲ್ಲಿ ಕಂಡಕ್ಟರ್ ಕೂತಿರುತ್ತಿದ್ದದ್ದು ಇದೊಂದು ಹೊತ್ತು.

ಮನೆಗಿದ್ದದ್ದು ಒಂದೇ ಬಚ್ಚಲು. ಹೊರಗೆ ಕ್ಯೂ ನಿಲ್ಲತೊಡಗಿತು.

‘ಮಾವನಿಗೆ ಹೊಟ್ಟೆ ಸರಿಯಿಲ್ವಾ ಅತ್ತೆ?’

‘ಹೊಟ್ಟೆಯಲ್ಲ, ತಲೆ,’ ಎಂದಳು ಹೆಂಡತಿ. ಆದರೂ ಭೇದಿ ನಿಲ್ಲಲೆಂದು ಮಾತ್ರೆ ತರಿಸಿದಳು. ಅವನು ನುಂಗಿದ. ನಿಜ ಹೇಳಿದರೆ ಬಚ್ಚಲೂ ಹೋಗುತ್ತಿತ್ತು. ಮಾತ್ರೆಯಿಂದ ಆಮೇಲೆ ನಿಜವಾದ ತೊಂದರೆಯಾಗಿ, ಬಚ್ಚಲಿನಲ್ಲಿ ಇನ್ನಷ್ಟು ಹೊತ್ತು ಇರಲು ನ್ಯಾಯವಾದ ಕಾರಣ ಸಿಕ್ಕಿತು.

ಸಿಕ್ಕಿಬಿದ್ದದ್ದು ಸೇತುವೆ ಸ್ಟಾಪಿನಲ್ಲಿ. ಅಂದು ಒಂದು ಹೊಡೆತ ಹೊಡೆದು ಗಾಡಿ ನಿಲ್ಲಿಸಿದ್ದ. ಮನಸ್ಸಿನಲ್ಲೇ ಇಳಿದು, ಚಪ್ಪಲಿಯ ಕೆಳಗೆ ಜಲ್ಲಿ ಸದ್ದು ಮಾಡುವುದನ್ನು ಕೇಳುತ್ತ, ಸೇತುವೆಯ ಬಾಯಿಗೆ ನಡೆದಿದ್ದ. ಬಚ್ಚಲಿನ ಬಾಗಿಲು ಧಡಧಡ ಎಂದಿತು. ತೆಗೆದರೆ ಮಗ, ಮಗನ ಹಿಂದೆ, ಮನೆ ಬಾಗಿಲಿನ ಆಚೆ, ಚೆಕಿಂಗ್ ಇನ್ಸ್‌ಪೆಕ್ಟರ್.

‘ದಿನಾ ಬೆಳಿಗ್ಗೆ ನನ್ನ ಬಚ್ಚಲು ಟಣ್ ಟಣ್ ಅನ್ನುತ್ತೆ,’ ಎಂದ ಅವನು. ‘ಪ್ಲಂಬರನ್ನ ಕರೆಸಿದೆ, ಪೈಪಿನಲ್ಲಿ ಗಾಳಿ ಸೇರಿದೆ ಅಂದ. ಈ ಗಾಳಿ ಯಾವುದು ಅಂತ ನನಗೆ ಗೊತ್ತಿತ್ತು. ಮೂವತ್ತು ವರ್ಷ ಒಂದು ಟಿಕೆಟ್ಟಿನಲ್ಲೂ ಸಿಕ್ಕದವನು ಬಚ್ಚಲಿನಲ್ಲಿ ಸಿಕ್ಕಿದೆಯಲ್ಲಯ್ಯಾ.’

ಮಗನಿಗೆ ನಾಚಿಕೆ, ಅದರ ಮೇಲೆ ಕಚೇರಿಯ ಮೀಟಿಂಗು ಬೇರೆ ನಡೆಯುತ್ತಿತ್ತು. ಅವನು ಅಪ್ಪನ ಕೈಯಿಂದ ಕೀಲಿ ಕಿತ್ತುಕೊಂಡ. ‘ಪೈಪು ಒಡೆದ್ರೆ ಕಟ್ಟಡಕ್ಕೆಲ್ಲ ನೀರಿಲ್ಲ ಅಪ್ಪ. ಮಕ್ಕಳಾಟ ಸಾಕು.’ ಸೊಸೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವಳ ನಂತರ ಮೊಮ್ಮಗಳು. ಆಮೇಲೆ ಬಟ್ಟೆ ಒಗೆತ. ಮತ್ತೆ ಒಳಗೆ ಹೋಗಿ ಎರಡು ಹೊಡೆಯಲು ಕಂಡಕ್ಟರನಿಗೆ ಮುಖವಿರಲಿಲ್ಲ. ಡ್ರೈವರ್ ಬೇಜಾರಾಗಿ ಎದ್ದುಹೋಗಿರುತ್ತಾನೆ ಎಂದುಕೊಂಡು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಇಷ್ಟು ವರ್ಷ ಜೊತೆಗಿದ್ದವನು ಹಾಗೆ ಅಂದುಕೊಳ್ಳಬಾರದಿತ್ತು.

ಸಂಜೆ ಡ್ರೈವರನ ಮಗಳು ಫೋನ್ ಮಾಡಿದಳು.

‘ಚಿಕ್ಕಪ್ಪ, ಈಗ ಡ್ಯೂಟಿ ಮುಗಿಸಿ ಬಂದೆ. ಅಪ್ಪ ಬಚ್ಚಲಲ್ಲಿ ಬಕೆಟ್ ಮೇಲೆ ಕೂತಿದ್ರು. ಬೆಳಿಗ್ಗೆಯಿಂದ ಅಲ್ಲೇ ಅಂತ ಕಾಣತ್ತೆ, ತಿಂಡಿ ಮುಟ್ಟಿಲ್ಲ. ಮೈ ಸುಡ್ತಿದೆ. ಏಳಿ ಅಂದ್ರೆ, ಕಂಡಕ್ಟರ್ ಸೇತುವೆ ನೋಡಕ್ಕೆ ಹೋಗಿದಾನೆ, ಇನ್ನೂ ರೈಟ್ ಕೊಟ್ಟಿಲ್ಲ ಅಂತಾರೆ. ಯಾವ ಸೇತುವೆ?’

ಕಂಡಕ್ಟರ್ ಫೋನಿಟ್ಟು ನೇರ ಬಚ್ಚಲಿಗೆ ಹೋದ. ಕೀಲಿ ಇರಲಿಲ್ಲ; ತಂಬಿಗೆಯಿಂದಲೇ ಎರಡು ಹೊಡೆದ. ಕೆಳಗಿನಿಂದ ಏನೂ ಬರಲಿಲ್ಲ. ಅಷ್ಟು ಹೊತ್ತಿಗೆ ಡ್ರೈವರನನ್ನು ಎತ್ತಿ ಹಾಸಿಗೆಗೆ ಹಾಕಿದ್ದರು.

ಜ್ವರ ಬಂದದ್ದು ಬಚ್ಚಲಿನ ತೇವದಿಂದಲ್ಲ, ಆ ರೋಗದಿಂದ. ಅದು ಬೆಳಿಗ್ಗೆಯೇ ಏರಿತ್ತು, ಜ್ವರದ ತಲೆಗೆ ಆಟ ನಿಜವಾಗಿತ್ತು, ಅಷ್ಟೆ. ಡ್ರೈವರನ ಮಗಳು ಇದನ್ನು ಬಿಡಿಸಿ ಹೇಳಿದಳು. ಕಂಡಕ್ಟರ್ ಹೂಂಗುಟ್ಟಿದ, ನಂಬಲಿಲ್ಲ.

ಮರುದಿನ ಬೆಳಿಗ್ಗೆ ಆಂಬುಲೆನ್ಸ್ ಬಂತು. ತಲೆಯಿಂದ ಕಾಲಿನವರೆಗೆ ಬಿಳಿ ಮುಸುಕು ಹಾಕಿಕೊಂಡ ಇಬ್ಬರು ಮೆಟ್ಟಿಲು ಹತ್ತಿದರು. ಡ್ರೈವರನನ್ನು ಬಾಗಿಲಿನವರೆಗೆ ನಡೆಸಿಕೊಂಡು ಬಂದರು. ಅಲ್ಲಿ ಅವನು ನಿಂತುಬಿಟ್ಟ. ಮೆಟ್ಟಿಲಿನ ಕಬ್ಬಿಣದ ಕಟಾಂಜನವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ‘ಬನ್ನಿ ಅಜ್ಜ’ ಎಂದರು, ಅವನಿಗೆ ಕೇಳಿಸಲಿಲ್ಲ. ಸುತ್ತ ಒಂದು ತುಟಿಯೂ ಕಾಣುತ್ತಿರಲಿಲ್ಲ; ಮಗಳ ಮುಖಕ್ಕೂ ಮಾಸ್ಕು. ಬೆರಳು ಬಿಡಿಸಲು ನೋಡಿದರು. ಸ್ಟಿಯರಿಂಗ್ ಹಿಡಿದ ಕೈ, ಬಿಡಲಿಲ್ಲ. ಉಸಿರು ಗೊರಗೊರ ಎನ್ನುತ್ತಿತ್ತು.

‘ಚಿಕ್ಕಪ್ಪ,’ ಎಂದು ಮಗಳು ಮೇಲಕ್ಕೆ ಕೂಗಿದಳು. ‘ನೀವೇ ಏನಾದ್ರೂ ಹೇಳಿ.’

ಕಂಡಕ್ಟರ್ ಆಗಲೇ ಬಾಗಿಲಿನಲ್ಲಿದ್ದ. ಅಂಗಿಯ ತುದಿಯನ್ನು ಹಿಂದಿನಿಂದ ಮಗ ಹಿಡಿದಿದ್ದ. ಡ್ರೈವರ್ ಎಲ್ಲಿ ನಿಂತಿದ್ದಾನೆ ಎಂಬುದು ಇಡೀ ಕಟ್ಟಡದಲ್ಲಿ ಕಂಡಕ್ಟರನೊಬ್ಬನಿಗೆ ಗೊತ್ತಿತ್ತು. ಆಚೆ ತುದಿ ಅವನಿಗೂ ಕಾಣುತ್ತಿರಲಿಲ್ಲ. ಆ ದಿನಗಳಲ್ಲಿ ಹಾಗೆ ಹೋದವರಲ್ಲಿ ಎಷ್ಟು ಜನ ವಾಪಸ್ಸು ಬಂದಿದ್ದರೆಂದು ಅವನಿಗೂ ಗೊತ್ತಿತ್ತು. ಬದುಕಿನಲ್ಲಿ ಮೊದಲ ಸಲ, ನೋಡದೆ ರೈಟ್ ಕೊಡಬೇಕಾಗಿತ್ತು.

‘ಕೀಲಿ,’ ಎಂದು ಹಿಂದಕ್ಕೆ ಕೈ ಚಾಚಿದ. ಮಗ ಒಂದು ಗಳಿಗೆ ನೋಡಿ, ಜೇಬಿನಿಂದ ತೆಗೆದು ಕೊಟ್ಟ.

ಕಟಾಂಜನ ಮೇಲಿನಿಂದ ಕೆಳಗಿನವರೆಗೆ ಒಂದೇ. ಕಂಡಕ್ಟರ್ ಅದಕ್ಕೆ ಎರಡು ಸಲ ಹೊಡೆದ. ಡ್ರೈವರ್ ತಲೆ ಎತ್ತಿದ. ಕಂಡಕ್ಟರ್ ಮಾಸ್ಕನ್ನು ಗದ್ದಕ್ಕೆ ಎಳೆದು, ತುಟಿ ಅಗಲಿಸಿ, ಸದ್ದಿಲ್ಲದೆ, ‘ರೈಟ್’ ಎಂದ. ಮೇಲಿನ ಮಹಡಿಯಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್ ನಿಂತಿದ್ದ. ಕೆಮ್ಮಲಿಲ್ಲ.

‘ಎಷ್ಟು ಹೊತ್ತಯ್ಯಾ,’ ಎಂದ ಡ್ರೈವರ್. ಕೈ ಬಿಟ್ಟು ಇಳಿಯತೊಡಗಿದ.

ಆಂಬುಲೆನ್ಸಿನ ಹಿಂದೆ ಮಲಗಲು ಅವನು ಒಪ್ಪಲಿಲ್ಲವಂತೆ. ತಾನು ಯಾವತ್ತೂ ಹಿಂದೆ ಕೂತವನಲ್ಲ ಎಂದು ಜಗಳ ತೆಗೆದನಂತೆ. ಮಗಳು ಇದನ್ನು ಆಮೇಲೆ ಹೇಳಿ ನಕ್ಕಳು, ಅದರ ಹಿಂದೆಯೇ ಆಮ್ಲಜನಕ ಹಾಕಿದ್ದಾರೆ ಎಂದಳು.

ಕಂಡಕ್ಟರನಿಗೆ ಕೀಲಿಯನ್ನು ಯಾರೂ ವಾಪಸ್ಸು ಕೇಳಲಿಲ್ಲ. ಬೆಳಿಗ್ಗೆ ಬಚ್ಚಲಿಗೆ ಹೋಗಿ ಪೈಪಿಗೆ ಎರಡು ಹೊಡೆದು ಬರುತ್ತಿದ್ದ. ಹೊರಗೆ ಕ್ಯೂ ನಿಂತರೂ ಯಾರೂ ಬಾಗಿಲು ಬಡಿಯಲಿಲ್ಲ. ಮೊಮ್ಮಗಳು ಒಂದು ದಿನ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. ಅವನು ಹೋಗಿ ಕುರ್ಚಿಯಲ್ಲಿ ಕೂತ, ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಚೌಕಟ್ಟಿಗೆ ಒರಗಿದ. ಒಂದು ಬೆಳಿಗ್ಗೆ ಎರಡು ಹೊಡೆದಾಗ ಪೈಪಿನಲ್ಲಿ ಎರಡು ಮರುಹೊಡೆತ ಬಂತು. ಅವನು ಕೀಲಿ ಕೆಳಗಿಟ್ಟ. ಕೈಯಿಟ್ಟು ಕೇಳಿದ. ಅದು ಕೆಳಗಿನಿಂದಲ್ಲ, ಮೇಲಿನಿಂದ.

‘ಇವನೊಬ್ಬ,’ ಎಂದು ಕಂಡಕ್ಟರ್ ಸೂರು ನೋಡಿ ಬೈದ. ‘ಈಗಲೂ ತಪಾಸಣೆಗೆ ಬರ್ತಾನೆ.’ ಮಾರನೇ ದಿನ ಮತ್ತೆ ಹೊಡೆದು, ಕಾದ.

ಡ್ರೈವರ್ ಬದುಕಿ ಬಂದ. ಬರುವಾಗ ಅರ್ಧ ಆಳಾಗಿದ್ದ. ಅಂಗಿಯ ಕೊರಳಪಟ್ಟಿಯೊಳಗೆ ಇನ್ನೊಂದು ಕತ್ತು ಹಿಡಿಸುತ್ತಿತ್ತು. ಉದ್ಯಾನದ ಬೀಗ ತೆಗೆದ ಮೇಲೆ, ಮಗಳು ಒಪ್ಪಿದ ಮೇಲೆ, ಇಬ್ಬರೂ ನಿಧಾನಕ್ಕೆ ನಡೆದು ಬೆಂಚಿಗೆ ಹೋದರು. ಹಳದಿ ಪಟ್ಟಿ ಹೋಗಿತ್ತು. ಅದರ ಬದಲು ಬೆಂಚಿನ ನಡುವೆ ಕೆಂಪು ಬಣ್ಣದಲ್ಲಿ ದೊಡ್ಡ ಅಡ್ಡಗೆರೆ: ಇಲ್ಲಿ ಕೂರಬಾರದು. ಡ್ರೈವರ್ ಅದನ್ನು ನೋಡಿ, ಅದರ ಮೇಲೆಯೇ ಕೂತು, ಇದ್ದ ಅರ್ಧ ಕಿವಿಯನ್ನು ಕಂಡಕ್ಟರನ ಕಡೆ ತಿರುಗಿಸಿದ.

‘ಹೊರಡು,’ ಎಂದ.

‘ಗಡಿಯಾರ ಕಂಬ.’

ಡ್ರೈವರ್ ಹೇಳಿದ. ಕಂಡಕ್ಟರ್ ಬೆಂಚಿಗೆ ಎರಡು ತಟ್ಟಿದ. ಹೆರಿಗೆ ಆಸ್ಪತ್ರೆ ಸಿಕ್ಕಿತು, ಮಿಲ್ ಗೇಟ್ ಹತ್ತಿಯ ಸಮೇತ ಸಿಕ್ಕಿತು.

‘ಹಳೆ ಜೈಲು.’

ಡ್ರೈವರ್ ಬಾಯಿ ತೆರೆದ. ಮುಂದಿನ ರಸ್ತೆಯನ್ನು ನೋಡಿದ. ‘ಜೈಲು,’ ಎಂದ. ಮತ್ತೆ, ‘ನಮ್ಮ ರೂಟಿನಲ್ಲಿ ಜೈಲಿತ್ತಾ?’

ಟಿಕೆಟ್ಟು ಕೇಳಿಸಿಕೊಳ್ಳದ ಆ ಮನುಷ್ಯ ಕಂಡಕ್ಟರನ ನಾಲಿಗೆಯ ತುದಿಯಲ್ಲಿದ್ದ. ಹೇಳಿಕೊಟ್ಟರೆ ಅದು ಆಟವಾಗುವುದಿಲ್ಲ. ಅವನು ಬೆಂಚಿಗೆ ಎರಡು ತಟ್ಟಿದ. ಗಾಡಿ ಮುಂದೆ ಹೋಯಿತು.

ಸೇತುವೆ ಹತ್ತಿರ ಬರುತ್ತಿದ್ದಂತೆ ಕಂಡಕ್ಟರನ ದನಿ ಸಣ್ಣಗಾಯಿತು. ಅದನ್ನು ಬಿಟ್ಟು ಮುಂದಿನದಕ್ಕೆ ಹಾರಿಬಿಡೋಣ ಎಂದೂ ಅನ್ನಿಸಿತು.

‘ಸೇತುವೆ,’ ಎಂದ.

‘ಅದೊಂದು ಚೆನ್ನಾಗಿ ನೆನಪಿದೆ,’ ಎಂದ ಡ್ರೈವರ್ ತಟ್ಟನೆ. ‘ಗಾಡಿ ಅಲ್ಲಿ ನಿಲ್ಲಿಸಿ ಚಹಾ ಕುಡಿಯಕ್ಕೆ ಹೋದವನು ನೀನು. ಬೆಳಿಗ್ಗೆ ಹೋದವನು ಮಾರನೇ ದಿನ ಬಂದೆ. ಪ್ಯಾಸೆಂಜರ್ ಎಲ್ಲ ನನ್ನನ್ನ ಬೈದ್ರು.’

‘ಚೆಕಿಂಗ್ ಬಂದಿತ್ತಯ್ಯಾ.’

‘ಸುಳ್ಳು,’ ಎಂದ ಡ್ರೈವರ್. ‘ತಟ್ಟು ಬೇಗ.’

ಕಂಡಕ್ಟರ್ ತಟ್ಟಿದ. ಕೊನೆಯ ಸ್ಟಾಪಿಗೆ ಬಂದಾಗ ಬಿಸಿಲು ಬೆಂಚಿನ ಅರ್ಧಕ್ಕೆ ಬಂದಿತ್ತು. ಇಬ್ಬರೂ ಇಳಿಯದೆ ಕೂತೇ ಇದ್ದರು. ಮೂವತ್ತೊಂದು ಸ್ಟಾಪುಗಳಲ್ಲಿ ನೆನಪಿನಿಂದ ಹೋಗಿದ್ದು ನಾಲ್ಕು: ಹಳೆ ಜೈಲು, ಗೂಡ್ಸ್ ಶೆಡ್, ನೀರಿನ ಟ್ಯಾಂಕು, ಬೆಂಕಿಪೊಟ್ಟಣದ ಕಾರ್ಖಾನೆ.